ಪಾಂಪೆಯ ದಂತಪ್ರತಿಮೆಯೂ ಚಂದ್ರವಳ್ಳಿಯ ರೋಮಕ ನಾಣ್ಯವೂ

ಇಟಲಿ ದೇಶಕ್ಕೆ ಹೋದ ಪ್ರವಾಸಿಗರು ರೋಮ್ ನಗರವನ್ನು ನೋಡಿದ ಬಳಿಕ ನೇಪಲ್ಸಿಗೂ ಅಲ್ಲಿಂದ ಪಾಂಪೆಗೂ ಹೋಗಿಬರುವುದು ವಾಡಿಕೆ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಪರ್ವತದಿಂದ ಎದ್ದ ಬೂದಿಯಲ್ಲಿ ಈ ಊರು ಹೂತುಹೋಯಿತು. ೧೭೪೮ರಲ್ಲಿ ಮೊದಲಾದ ಅಗೆತ ಇಂದಿಗೂ ಮುಗಿದಿಲ್ಲ. ಬಂಡಿಯ ಗಾಲಿಗಳು ಸವೆಸಿದ ಕಲ್ಲುಹಾಸಿನ ಬೀದಿಗಳು, ಮಳೆಗಾಲದಲ್ಲಿ ಕಾಲು ನೆನೆಯದಂತೆ ದಾಟಲು ಇಟ್ಟ ಹೆಜ್ಜೆಗಲ್ಲುಗಳು, ರೊಟ್ಟಿ ಸುಡುತ್ತಿದ್ದ ಒಲೆಗಳು, ಗೋಡೆಯ ಮೇಲೆ ಚುನಾವಣೆಗಾಗಿ ಬರೆದ ಹೆಸರುಗಳು, ಇವೆಲ್ಲವನ್ನೂ ಕಂಡವನಿಗೆ ಹಳೆಯ ಕಾಲವೆಂಬುದು ಪುಸ್ತಕದಿಂದ ಎದ್ದು ಬಂದಂತೆ ತೋರುವುದು ಸಹಜ. ಆದರೆ ಭಾರತೀಯನಾದ ಪ್ರವಾಸಿಗೆ ಅಲ್ಲಿ ಇನ್ನೊಂದು ವಸ್ತುವೂ ಮುಖ್ಯವಾದದ್ದು. ೧೯೩೮ರಲ್ಲಿ ಅಲ್ಲಿಯ ಹೆಬ್ಬೀದಿಯೊಂದರ ಪಕ್ಕದ ಮನೆಯಲ್ಲಿ ಗೇಣುದ್ದದ ದಂತದ ಹೆಣ್ಣುಪ್ರತಿಮೆಯೊಂದು ದೊರೆಯಿತು. ಮೈತುಂಬ ಆಭರಣ ತೊಟ್ಟ ಆ ಸ್ತ್ರೀಯ ಎಡಬಲಗಳಲ್ಲಿ ಇಬ್ಬರು ಸಣ್ಣ ದಾಸಿಯರು. ನೆತ್ತಿಯಿಂದ ಕೆಳಕ್ಕೆ ಕೊರೆದ ಒಂದು ರಂಧ್ರ. ಮೊದಲು ಇದನ್ನು ಲಕ್ಷ್ಮಿಯೆಂದರು. ಈಗ ಯಕ್ಷಿಯೆನ್ನುವವರೇ ಹೆಚ್ಚು. ಕನ್ನಡಿಯ ಹಿಡಿಯೋ ಪೀಠದ ಕಾಲೋ ಆಗಿದ್ದಿರಬೇಕು. ಇದರ ಹೋಲಿಕೆಯ ದಂತದ ಕೆಲಸ ಶಾತವಾಹನರ ನಾಡಿನ ತೇರ್ ಮತ್ತು ಭೋಕರ್ದನ್‌ಗಳಲ್ಲಿ ದೊರೆತಿರುವುದರಿಂದ ಇದು ದಖ್ಖನಿನ ಕಡೆಯದೆಂದು ಹಲವರು ಊಹಿಸಿದ್ದಾರೆ. ಪೀಠದಲ್ಲಿ ಖರೋಷ್ಠಿಯ ಅಕ್ಷರವಿರುವುದರಿಂದ ವಾಯವ್ಯದ ದಾರಿಯನ್ನು ಸೂಚಿಸುವವರೂ ಇದ್ದಾರೆ. ಪ್ರತಿಮೆ ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

ಈ ಪ್ರತಿಮೆಯ ಹುಟ್ಟೂರು ಯಾವುದೆಂಬ ವಿವಾದ ಹೇಗಾದರೂ ತೀರಲಿ, ಅದರ ಕಾಲದ ಒಂದು ಕೊನೆ ಮಾತ್ರ ಗಟ್ಟಿಯಾಗಿದೆ. ಬೂದಿಯ ಕೆಳಗೆ ಸಿಕ್ಕಿದ ವಸ್ತು ಬೂದಿ ಬೀಳುವುದಕ್ಕೆ ಮೊದಲೇ ಅಲ್ಲಿ ಇದ್ದಿರಬೇಕು. ಆದಕಾರಣ ಅದನ್ನು ಕೆತ್ತಿದ ಕಾಲ ೭೯ಕ್ಕಿಂತ ಈಚೆಗೆ ಬರಲಾರದು. ಇದನ್ನು ಉತ್ತರಾವಧಿಯೆನ್ನಬಹುದು. ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ನ್ಯಾಯ ಹೊಸದಲ್ಲ. ದುರ್ಗಸಿಂಹನು ೧೦೩೧ರ ತನ್ನ ಪಂಚತಂತ್ರದಲ್ಲಿ ಕನ್ನಮಯ್ಯ, ಮನಸಿಜ, ಚಂದ್ರಭಟ್ಟರೆಂಬ ಕವಿಗಳನ್ನು ಹೆಸರಿಸಿರುವನಷ್ಟೆ. ಅವರ ಕಾವ್ಯಗಳು ನಮಗೆ ದೊರೆತಿಲ್ಲ. ಆದರೂ ಅವರು ೧೦೩೧ಕ್ಕೆ ಹಿಂದಿನವರೆಂಬುದರಲ್ಲಿ ಸಂದೇಹವಿಲ್ಲ. ಎಷ್ಟು ಹಿಂದಿನವರೆಂಬುದನ್ನು ದುರ್ಗಸಿಂಹನ ಮಾತೊಂದರಿಂದಲೇ ಹೇಳಲಾಗದು. ಪಾಂಪೆಯ ಬೂದಿಯೂ ಆ ದಂತದ ವಿಷಯದಲ್ಲಿ ದುರ್ಗಸಿಂಹನಷ್ಟೇ ಹೇಳುತ್ತದೆ, ಅದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ.

ಪಾಂಪೆಗೆ ಹೋದ ದಂತಕ್ಕೆ ಪ್ರತಿಯಾಗಿ ಆ ಕಡೆಯಿಂದ ಈ ಕಡೆಗೆ ಬಂದ ವಸ್ತುಗಳನ್ನು ನೋಡಬೇಕಾದರೆ ಸಮುದ್ರ ದಾಟಬೇಕಾದ್ದಿಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲಗಳ ಮೇಲೆ ಬಡಗಣ ದಿಕ್ಕಿಗೆ ಹೊರಡುವ ಹೆದ್ದಾರಿ ಆದಿಚುಂಚನಗಿರಿಯ ಸೀಮೆಯನ್ನು ಹಾದು, ಚಿಕ್ಕನಾಯಕನಹಳ್ಳಿ ಹುಳಿಯಾರುಗಳನ್ನು ಮುಟ್ಟಿ, ಹಿರಿಯೂರಿಗೆ ಸೇರುತ್ತದೆ. ತೆಂಗು, ರಾಗಿಗಳ ನಾಡು ಹಿಂದಾಗಿ, ಮಳೆ ಕಡಮೆಯಾದ ಕಲ್ಲುಬೆಟ್ಟಗಳ ನಾಡು ಮುಂದಾಗುತ್ತದೆ. ಹಿರಿಯೂರಿನಿಂದ ಚಿತ್ರದುರ್ಗ ದೂರವಿಲ್ಲ. ದುರ್ಗದ ಊರಿಗೆ ಪಶ್ಚಿಮದಲ್ಲಿ, ಕೋಟೆಯ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಣ ಕಣಿವೆಯೇ ಚಂದ್ರವಳ್ಳಿ. ಕೆರೆ, ಬಂಡೆಗಳ ಸಂದಿನಲ್ಲಿ ಅಂಕಲಿ ಮಠದ ಗುಹೆಗಳು, ಒಂದು ಭೈರವೇಶ್ವರ ದೇವಾಲಯ: ಮೇಲೆ ಕಾಣುವುದು ಇಷ್ಟೆ. ಚುಂಚನಗಿರಿಯ ಕಾಲಭೈರವನ ಒಕ್ಕಲಾದವನಿಗೆ ಇಲ್ಲಿಯೂ ಭೈರವನೇ ಎದುರಾಗುವುದು ಸಂತೋಷದ ಸಂಗತಿಯಾದರೂ ಪ್ರಕೃತ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಪಾಂಪೆಯ ಸ್ತಂಭಗಳನ್ನೂ ಬೀದಿಗಳನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬಂದವನು ಇಲ್ಲಿ ನಿರಾಶನಾದಾನು. ಚಂದ್ರವಳ್ಳಿಯ ಪುರಾತನ ಊರು ಕಾಲ ಕೆಳಗಿನ ಮಣ್ಣಿನಲ್ಲಿದೆ.

ಈ ಮಣ್ಣಿನಿಂದ ಸೀಸದ ನಾಣ್ಯಗಳು ದೊರೆಯುತ್ತಿದ್ದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ವಿದ್ವಾಂಸರಿಗೆ ತಿಳಿದಿತ್ತು. ಅವುಗಳಲ್ಲಿ ಕೆಲವುದರ ಮೇಲೆ ಸದಕಣ ಕಳಲಾಯ ಮಹಾರಠಿಯೆಂಬ ಹೆಸರು ಬ್ರಾಹ್ಮೀಲಿಪಿಯಲ್ಲಿದೆ; ಶಾತವಾಹನರಿಗೆ ಸಂಬಂಧಪಟ್ಟ ಅಧಿಕಾರಿಗಳ ಮನೆತನವೊಂದು ಈ ಸೀಮೆಯನ್ನು ಆಳಿತೆಂಬುದಕ್ಕೆ ಅವು ಸಾಕ್ಷಿ. ಮೈಸೂರು ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಇಲ್ಲಿ ಪರೀಕ್ಷಾರ್ಥವಾಗಿ ಅಗೆಸಿದರು. ಅವರ ತರುವಾಯ ಅದೇ ಇಲಾಖೆಯ ನಿರ್ದೇಶಕರಾದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ೧೯೨೯ರಲ್ಲಿ ವ್ಯವಸ್ಥಿತವಾದ ಅಗೆತವನ್ನು ಕೈಕೊಂಡರು. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನು ಗುರುತಿಸಿದವರೂ ಅವರೇ. ಶಾಸನ ಮೂರೇ ಪಂಕ್ತಿಗಳದು. ಅವನು ಕೆರೆಯನ್ನು ಕಟ್ಟಿಸಿದ ಸಂಗತಿಯೂ ಅವನು ಗೆದ್ದವರ ಹೆಸರುಗಳೂ ಅದರಲ್ಲಿವೆ. ಬಂಡೆ ಸವೆದಿರುವುದರಿಂದ ಆ ಹೆಸರುಗಳನ್ನು ಕೃಷ್ಣ ಅವರು ಓದಿದ ಬಗೆಯನ್ನು ಬಳಿಕದವರು ತಿದ್ದಿದ್ದಾರೆ. ಕೃಷ್ಣ ಅವರ ಅಗೆತದಲ್ಲಿ ಇಟ್ಟಿಗೆಯ ಗೋಡೆಗಳು, ಮಣಿಗಳು, ಮಡಕೆಗಳು, ಶಾತವಾಹನರ ನಾಣ್ಯಗಳು, ಇವುಗಳ ಜೊತೆಗೆ ರೋಮಕ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿನಾಣ್ಯಗಳೂ ಹೊರಬಿದ್ದುವು.

ರೋಮಕರು ಈ ಬೆಳ್ಳಿನಾಣ್ಯವನ್ನು ದೆನಾರಿಯಸ್ ಎನ್ನುತ್ತಿದ್ದರು. ಸಂಸ್ಕೃತದ ದೀನಾರ ಶಬ್ದ ಇದರಿಂದಲೇ ಬಂದದ್ದು. ನಮ್ಮ ಶಾಸನಗಳ ದ್ರಮ್ಮ ಗ್ರೀಕರ ದ್ರಾಖ್ಮದಿಂದ ಬಂದದ್ದು. ಅಮರಸಿಂಹನು ನಿಷ್ಕಕ್ಕೆ ದೀನಾರವೆಂಬ ಅರ್ಥವನ್ನೂ ಕೊಡುವ ಹೊತ್ತಿಗೆ ಆ ಮಾತು ಪರದೇಶದ್ದೆಂಬ ನೆನಪೇ ಅಳಿದುಹೋಗಿದ್ದಂತೆ ಕಾಣುತ್ತದೆ. ದಕ್ಷಿಣ ಭಾರತದಲ್ಲಿ ದೊರೆಯುವ ದೆನಾರಿಯಸ್ಸುಗಳಲ್ಲಿ ಎರಡು ಮಾದರಿಗಳು ಬಹಳ. ಆಗಸ್ಟಸ್ಸನ ನಾಣ್ಯದ ಒಂದು ಮೈಯಲ್ಲಿ ಅವನ ತಲೆ, ಹಿಂಬದಿಯಲ್ಲಿ ಗುರಾಣಿ ಭಲ್ಲೆಗಳೊಡನೆ ನಿಂತ ಇಬ್ಬರು ರಾಜಕುಮಾರರು. ಟೈಬೀರಿಯಸ್ಸನ ನಾಣ್ಯದಲ್ಲಿ ಅವನ ತಲೆ, ಹಿಂಬದಿಯಲ್ಲಿ ದಂಡವನ್ನೂ ಚಿಗುರುಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀ. ಚಂದ್ರವಳ್ಳಿಯಲ್ಲಿ ಬಿಡಿಬಿಡಿಯಾಗಿ ಸಿಕ್ಕಿದಂತೆ ಇವು ಬೇರೆಡೆ ರಾಶಿಯಾಗಿಯೂ ಸಿಕ್ಕಿವೆ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಆಗಸ್ಟಸ್ಸನಿಂದ ಕ್ಲಾಡಿಯಸ್ಸನವರೆಗಿನ ೧೬೩ ಬೆಳ್ಳಿನಾಣ್ಯಗಳ ನಿಧಿಯೊಂದು ಹೊರಬಂದಿತು. ಭಾರತದ ವಸ್ತುಗಳಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳು ಹರಿದುಹೋಗುತ್ತಿವೆಯೆಂದು ಪ್ಲೀನಿ ಗೊಣಗಿಕೊಂಡದ್ದು ಪ್ರಸಿದ್ಧವಾಗಿದೆ. ಅವನು ಸತ್ತದ್ದು ಪಾಂಪೆಯನ್ನು ಮುಚ್ಚಿದ ಆ ಪರ್ವತದ ಉತ್ಪಾತದಲ್ಲಿಯೇ. ಅವನ ಲೆಕ್ಕ ಎಷ್ಟರಮಟ್ಟಿಗೆ ಸರಿಯೋ ಹೇಳಲಾಗದಾದರೂ, ಯಶವಂತಪುರದ ನಿಧಿಯನ್ನು ನೋಡಿದವರು ಅದನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕಲಾರರು.

ಆದರೆ ಚಂದ್ರವಳ್ಳಿಯ ಒಂದು ನಾಣ್ಯದ ಬೆಲೆ ಯಶವಂತಪುರದ ೧೬೩ ನಾಣ್ಯಗಳ ಬೆಲೆಗಿಂತ ಹೆಚ್ಚಾದದ್ದು ಹೇಗೆಂಬುದನ್ನು ತಿಳಿಯಬೇಕು. ನಿಧಿಯನ್ನು ಹೂತವನು ಅದನ್ನು ಊರ ಹೊರಗೆ ಹೂತನು. ಅದರ ಸುತ್ತ ಬೇರೆ ವಸ್ತುಗಳಿಲ್ಲ. ಚಂದ್ರವಳ್ಳಿಯ ನಾಣ್ಯವಾದರೋ ಜನರು ಬಾಳಿದ ನೆಲದ ಪದರದಲ್ಲಿ, ಅವರ ಮಡಕೆ ಮಣಿಗಳ ನಡುವೆ ಬಿದ್ದಿತ್ತು. ಆದುದರಿಂದ ನಾಣ್ಯದ ಕಾಲ ಗೊತ್ತಾದರೆ ಮಡಕೆಯ ಕಾಲವನ್ನು ಕುರಿತು ಏನಾದರೂ ಹೇಳಬಹುದು. ಅಂತಹದೇ ಮಡಕೆ ನಾಣ್ಯವಿಲ್ಲದ ಬೇರೆ ಊರಿನಲ್ಲಿ ಸಿಕ್ಕಿದರೆ ಆ ಊರಿನ ಕಾಲವನ್ನೂ ಹೇಳಬಹುದು. ೧೯೪೭ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರು ಮಾಡಿದ್ದು ಇದನ್ನೇ. ಭಾರತ ಸರ್ಕಾರದ ಪ್ರಾಕ್ತನ ಇಲಾಖೆಯ ಮಹಾನಿರ್ದೇಶಕರಾಗಿದ್ದ ಅವರು ಅದಕ್ಕೆ ಎರಡು ವರ್ಷ ಮುಂಚೆ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆಸಿ, ಇಟಲಿಯಿಂದ ಬಂದ ಕೆಂಪು ಮೆರುಗಿನ ಮಡಕೆಯನ್ನು ಕಂಡಿದ್ದರು. ಇದರ ತಯಾರಿಕೆಯ ಕಾಲ ಪಶ್ಚಿಮದ ವಿದ್ವಾಂಸರಿಗೆ ಚೆನ್ನಾಗಿ ತಿಳಿದದ್ದು. ಅದರೊಡನೆ, ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳ ಉಂಗುರಗಳನ್ನು ಉರುಳಿಸಿದಂತಿರುವ ನುಣುಪಾದ ತಟ್ಟೆಗಳೂ ಅಲ್ಲಿ ದೊರೆತಿದ್ದುವು. ಅದೇ ತಟ್ಟೆಯ ಬೋಕಿಗಳು ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಕಂಡುವು. ಚಂದ್ರವಳ್ಳಿಯಲ್ಲಿ ಟೈಬೀರಿಯಸ್ಸನ ನಾಣ್ಯವೊಂದು ಪದರದಲ್ಲಿಯೇ ಸಿಕ್ಕಿ ಈ ಸರಪಣಿಗೆ ಬೀಗಮುದ್ರೆಯನ್ನು ಒತ್ತಿತು.

ಬ್ರಹ್ಮಗಿರಿಯೆಂದರೆ ಮೊಳಕಾಲ್ಮೂರು ತಾಲ್ಲೂಕಿನ ಬೆಟ್ಟ. ಅಶೋಕನ ಧರ್ಮಲಿಪಿಯನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಸ್ಥಳ. ಅಲ್ಲಿ ವೀಲರ್ ಅವರಿಗೆ ಒಂದರ ಮೇಲೊಂದಾಗಿ ಮೂರು ಸಂಸ್ಕೃತಿಗಳು ಕಂಡುವು: ಕೆಳಗೆ ಕಲ್ಲುಕೊಡಲಿಯದು, ನಡುವೆ ಕಬ್ಬಿಣವನ್ನೂ ಬೃಹತ್ ಶಿಲೆಗಳ ಸಮಾಧಿಗಳನ್ನೂ ಉಳ್ಳದ್ದು, ಮೇಲೆ ಅವರು ಆಂಧ್ರವೆಂದು ಕರೆದ ಶಾತವಾಹನರ ಕಾಲದ್ದು. ಮೇಲಿನದು ಕ್ರಿ. ಶ. ಒಂದನೆಯ ಶತಮಾನದ ನಡುವೆ ಮೊದಲಾಯಿತೆಂಬುದನ್ನು ಬೋಕಿಯಿಂದಲೂ ನಾಣ್ಯದಿಂದಲೂ ನಿರ್ಧರಿಸಿದರು. ಅಲ್ಲಿಂದ ಪದರಗಳ ದಪ್ಪವನ್ನು ಅಂದಾಜು ಮಾಡುತ್ತ ಕೆಳಗಿಳಿದು, ಸಮಾಧಿಗಳ ಕಾಲ ಕ್ರಿ. ಪೂ. ೨೦೦ರಿಂದ, ಕಲ್ಲುಕೊಡಲಿಯ ಕಾಲ ಕ್ರಿ. ಪೂ. ಸಾವಿರದ ಸುಮಾರಿನಿಂದ ಎಂದು ಗೊತ್ತುಮಾಡಿದರು. ಹೀಗೆ ದಕ್ಷಿಣ ದೇಶದ ಚರಿತ್ರಪೂರ್ವ ಕಾಲವೆಲ್ಲ ಟೈಬೀರಿಯಸ್ಸನ ಆಳಿಕೆಯಿಂದ ನೇತುಹಾಕಿದಂತಾಯಿತು. ಅದಕ್ಕೆ ಮುಂಚೆ ಯಾವ ಆಧಾರವೂ ಇರಲಿಲ್ಲವಾದ್ದರಿಂದ ಇದು ಬಹು ದೊಡ್ಡ ಕೆಲಸವೇ ಸರಿ. ಪದರವನ್ನು ಪದರವಾಗಿಯೇ ಬಿಡಿಸಿ ನೋಡಬೇಕೆಂಬ ಶಿಸ್ತನ್ನು ಈ ದೇಶದ ತರುಣ ಶೋಧಕರು ಕಲಿತದ್ದೂ ವೀಲರ್ ಅವರ ಅಗೆತಗಳಲ್ಲಿ.

ಸರಪಣಿಯ ದುರ್ಬಲವಾದ ಕೊಂಡಿ ಎಲ್ಲಿದೆಯೆಂಬುದು ಪಾಂಪೆಯ ದಂತವನ್ನು ನೆನೆದರೆ ತಿಳಿಯುತ್ತದೆ. ಅಲ್ಲಿಯ ಬೂದಿ ಉತ್ತರಾವಧಿಯನ್ನು ಕೊಟ್ಟಿತು. ನಾಣ್ಯ ಕೊಡುವುದು ಪೂರ್ವಾವಧಿಯನ್ನು. ಟೈಬೀರಿಯಸ್ ಆಳಿದ್ದು ೧೪ರಿಂದ ೩೭ರವರೆಗೆ. ನಾಣ್ಯ ಬಿದ್ದ ಪದರ ೧೪ಕ್ಕಿಂತ ಹಿಂದಿನದಾಗಲಾರದು, ಅಷ್ಟೆ. ಅದು ೫೦ರದಾಗಬಹುದು, ೧೫೦ರದೂ ಆಗಬಹುದು. ನಾಣ್ಯ ಟಂಕಸಾಲೆಯಿಂದ ಹೊರಟ ದಿನಕ್ಕೂ ಚಂದ್ರವಳ್ಳಿಯ ಮನೆಯೊಂದರಲ್ಲಿ ಕೈಜಾರಿದ ದಿನಕ್ಕೂ ನಡುವೆ ಎಷ್ಟು ಕೈ ಬದಲಾಯಿತೋ ಬಲ್ಲವರಾರು? ಈ ಸಂಶಯಕ್ಕೆ ರೋಮಕರ ಟಂಕಸಾಲೆಯ ಚರಿತ್ರೆಯೇ ಪುಷ್ಟಿಯನ್ನು ಕೊಡುತ್ತದೆ. ಅದುವರೆಗೆ ಒಂದು ರೋಮಕ ಪೌಂಡು ಬೆಳ್ಳಿಗೆ ೮೪ ದೆನಾರಿಯಸ್ಸುಗಳನ್ನು ಹೊಡೆಯುತ್ತಿದ್ದರು. ೬೪ರ ಸುಮಾರಿನಲ್ಲಿ ನೀರೋ ಚಕ್ರವರ್ತಿ ಅದನ್ನು ೯೬ಕ್ಕೆ ಏರಿಸಿ, ಬೆಳ್ಳಿಯ ಶುದ್ಧಿಯನ್ನೂ ತಗ್ಗಿಸಿದನು. ನಮ್ಮ ನಾಡಿನವರು ನಾಣ್ಯದ ಮೇಲಿನ ಮುಖವನ್ನು ನೋಡದೆ ತೂಕವನ್ನೂ ಶುದ್ಧಿಯನ್ನೂ ನೋಡಿ ಕೊಳ್ಳುತ್ತಿದ್ದವರು. ಆದಕಾರಣ ನೀರೋವಿನ ಬಳಿಕವೂ ವರ್ತಕರು ಹಳೆಯ ಒಳ್ಳೆಯ ನಾಣ್ಯಗಳನ್ನೇ ಆರಿಸಿ ಹಡಗಿಗೆ ಹಾಕಿರಬೇಕೆಂದು ನಾಣ್ಯಶಾಸ್ತ್ರಜ್ಞರು ಅಭಿಪ್ರಾಯಪಟ್ಟಿದ್ದಾರೆ. ಹಾಗಾದರೆ ಟೈಬೀರಿಯಸ್ಸನ ಮುಖ ಕಂಡ ಮಾತ್ರಕ್ಕೆ ಟೈಬೀರಿಯಸ್ಸನ ಕಾಲದ ವ್ಯಾಪಾರವೆನ್ನಲಾಗದು.

ಹೀಗೆ ನಾಣ್ಯದ ಪದರ ಕೆಳಕಾಲಕ್ಕೆ ಜಾರುವ ಸಂಭವವಿದ್ದರೆ, ಬೋಕಿಯ ಕಾಲ ಮೇಲಕ್ಕೆ ಸರಿಯಿತು. ಗೀರುಂಗುರದ ತಟ್ಟೆಗಳನ್ನು ವಿಮಲಾ ಬೇಗ್ಲೆಯವರು ೧೯೮೦ರ ದಶಕದಲ್ಲಿ ಮತ್ತೆ ಪರೀಕ್ಷಿಸಿ, ಅರಿಕಮೇಡಿನಲ್ಲಿ ಇಟಲಿಯ ಮಡಕೆ ಬರುವುದಕ್ಕೆ ಬಹಳ ಮುಂಚಿನಿಂದಲೂ, ಕ್ರಿಸ್ತಪೂರ್ವದಲ್ಲಿಯೇ, ಇವು ಬಳಕೆಯಲ್ಲಿದ್ದುವೆಂದು ವಾದಿಸಿದರು. ಅವು ಪರದೇಶದಿಂದ ಬಂದವಲ್ಲ, ಭಾರತದ ಜೇಡಿಯಿಂದಲೇ ಮಾಡಿದವೆಂಬುದೂ ಮಣ್ಣಿನ ಪರೀಕ್ಷೆಯಿಂದ ಗೊತ್ತಾಗಿದೆ. ಇನ್ನು ಕೆಳಗಿನ ಪದರಗಳ ವಿಷಯದಲ್ಲಿ ಇದ್ದಿಲಿನ ಇಂಗಾಲವನ್ನು ಅಳೆಯುವ ಹೊಸ ವಿಧಾನ ಬಂದಮೇಲೆ ವ್ಯತ್ಯಾಸ ಇನ್ನೂ ದೊಡ್ಡದಾಯಿತು. ಉತನೂರು, ಕೊಡೇಕಲ್ಲುಗಳ ಇದ್ದಿಲು ಕಲ್ಲುಕೊಡಲಿಯ ಜನರನ್ನು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ತುಂಗಭದ್ರೆಯ ದಂಡೆಯ ಹಳ್ಳೂರಿನ ಇದ್ದಿಲು ಕಬ್ಬಿಣವನ್ನು ಕ್ರಿ. ಪೂ. ಸಾವಿರದ ಆಸುಪಾಸಿಗೆ ಒಯ್ದಿತು. ವೀಲರ್ ಅವರ ಪದರಗಳ ಕ್ರಮ ಇಂದಿಗೂ ಅಲುಗಿಲ್ಲ. ಅವರ ವರ್ಷಗಳು ಮಾತ್ರ ಬಹಳ ಹಿಂದಕ್ಕೆ ಸರಿದಿವೆ. ಹಳೆಯ ಪಾಠಪುಸ್ತಕಗಳನ್ನು ನಂಬಿ ಬ್ರಹ್ಮಗಿರಿಯ ಕಾಲವನ್ನು ಬೋಧಿಸುವವರು ಇದನ್ನು ಗಮನಿಸುವುದು ಅಗತ್ಯ.

ಚಂದ್ರವಳ್ಳಿಯಲ್ಲಿ ರೋಮಕರು ನೆಲಸಿದ್ದರೆಂಬ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ನಾಣ್ಯ ಬಂದರೆ ನಾಣ್ಯದವನೂ ಬಂದನೆಂಬುದು ನ್ಯಾಯವಲ್ಲ. ಮೈಸೂರು ಪೇಟೆಯಲ್ಲಿ ಹಿಂದೆ ವಿಕ್ಟೋರಿಯಾ ರಾಣಿಯ ರೂಪಾಯಿ ಹರಿದಾಡಿದ ಮಾತ್ರಕ್ಕೆ ರಾಣಿಯ ಸಂಸಾರವೇ ಬಂದು ನೆಲಸಿತ್ತೆಂದು ಯಾರೂ ಹೇಳುವುದಿಲ್ಲ. ಕರಾವಳಿಯ ಬಂದರಿನಲ್ಲಿ ಯವನನ ಕೈಯಿಂದ ಕೆಳಬಿದ್ದ ನಾಣ್ಯ ಘಟ್ಟವನ್ನೇರಿ ಚಂದ್ರವಳ್ಳಿಯವರೆಗೆ ಬರಲು ನಮ್ಮ ವರ್ತಕರ ಎತ್ತುಗಳೇ ಸಾಕು. ಒಳನಾಡಿನ ಸುದ್ದಿ ಯವನರಿಗೆ ಮುಟ್ಟುತ್ತಿದ್ದುದಂತೂ ನಿಜ. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ವೈಡೂರ್ಯ ದೊರೆಯುವ ಪುನ್ನಾಟವೂ ಇದೆ. ಕಪಿಲೆಯ ದಂಡೆಯ ಕಿತ್ತೂರನ್ನು ರಾಜಧಾನಿಯಾಗಿ ಪಡೆದಿದ್ದ ಪುನ್ನಾಟ ಶ್ರೀರಂಗಪಟ್ಟಣಕ್ಕೆ ನೈಋತ್ಯದ ಸೀಮೆ. ಅಲೆಕ್ಸಾಂಡ್ರಿಯದಲ್ಲಿ ಕುಳಿತಿದ್ದವನಿಗೆ ಈ ಹೆಸರು ತಿಳಿದದ್ದು ಕಲ್ಲಿನ ವ್ಯಾಪಾರದಿಂದ. ಅವನು ಕಾವೇರಿಯ ಸೀಮೆಗೆ ಬಂದು ನೋಡಿ ಬರೆದದ್ದಲ್ಲ.

ಸಾಹಿತ್ಯದ ಅಧ್ಯಾಪಕರಿಗೆ ಇದೆಲ್ಲದರಲ್ಲಿ ಹೆಚ್ಚು ಕುತೂಹಲವಾದ ಪ್ರಶ್ನೆ ಇನ್ನೊಂದು: ಟೈಬೀರಿಯಸ್ಸನ ನಾಣ್ಯವನ್ನು ಕೈಯಲ್ಲಿ ಹಿಡಿದ ಚಂದ್ರವಳ್ಳಿಯವನು ಯಾವ ನುಡಿಯನ್ನಾಡುತ್ತಿದ್ದನು? ಅವನ ಆಳುವವರ ಸೀಸದ ನಾಣ್ಯ ಪ್ರಾಕೃತದ್ದು. ಅವನ ಊರಿನ ಕೆರೆಯ ಶಾಸನ, ಅವನ ಕಾಲಕ್ಕಿಂತ ಬಹಳ ಈಚಿನದಾದರೂ, ಪ್ರಾಕೃತದ್ದು. ಕನ್ನಡದ ಹಲ್ಮಿಡಿ ಶಾಸನ ೪೫೦ರ ಸುಮಾರಿನದು. ೧೯೩೬ರಲ್ಲಿ ಅದನ್ನು ಬೆಳಕಿಗೆ ತಂದವರೂ ಎಂ. ಎಚ್. ಕೃಷ್ಣ ಅವರೇ. ನಡುವಣ ಬಯಲನ್ನು ತುಂಬಲು ಹಲವರು ಒಂದು ಕಾಗದವನ್ನು ಮುಂದಿಡುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪುರಾತನ ಊರಿನ ತಿಪ್ಪೆಗಳಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ತೆಗೆದು, ೧೯೦೩ರಲ್ಲಿ ೪೧೩ನೆಯ ಸಂಖ್ಯೆಯಾಗಿ ಪ್ರಕಟಿಸಿದ ಗ್ರೀಕ್ ಪ್ರಹಸನವೇ ಅದು. ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ದೇವಾಲಯವೊಂದರಲ್ಲಿ ಸೆರೆಯಾಗಿರುತ್ತಾಳೆ. ಅವಳ ಅಣ್ಣ ಸಂಗಡಿಗರೊಡನೆ ಬಂದು, ಅಲ್ಲಿಯ ರಾಜನಿಗೂ ಅವನವರಿಗೂ ನೀರು ಬೆರಸದ ದ್ರಾಕ್ಷಾಮದ್ಯವನ್ನು ಕುಡಿಸಿ, ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾನೆ. ರಾಜನೂ ಅವನವರೂ ಆಡುವ ಮಾತುಗಳು ಗ್ರೀಕ್ ಅಕ್ಷರದಲ್ಲಿದ್ದರೂ ಗ್ರೀಕ್ ಅಲ್ಲ. ೧೯೦೪ರಲ್ಲಿ ಹುಲ್ಟ್ಷ್ ಅವರು ಇವು ಕನ್ನಡವೆಂದರು, ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು, ೧೯೨೬ರಲ್ಲಿ ಎಲ್. ಡಿ. ಬಾರ್ನೆಟ್ ಅವರು ಒಪ್ಪಲಿಲ್ಲ. ತುಳುವೆಂದವರೂ ಉಂಟು, ನಗಿಸುವುದಕ್ಕಾಗಿ ಕಟ್ಟಿದ ಅರ್ಥವಿಲ್ಲದ ಶಬ್ದಗಳೆಂದವರೂ ಉಂಟು.

ಈ ಓಲೆಯ ಕಾಲ ಎರಡನೆಯ ಶತಮಾನವೆಂಬುದು ಬರೆವಣಿಗೆಯಿಂದ ಸಿದ್ಧವಾಗಿದೆ. ಹಾಗಾಗಿ ಅದರೊಳಗೆ ಕನ್ನಡವಿದ್ದರೆ ಅದು ಹಲ್ಮಿಡಿಗೆ ಸುಮಾರು ಮುನ್ನೂರು ವರ್ಷ ಹಿಂದಿನದು. ಆದರೆ ಅದನ್ನು ಕನ್ನಡವಾಗಿ ಓದಿದವರು ಪಾತ್ರ, ಮಧು, ಕೊಂಚ ಮುಂತಾಗಿ ನಮಗೆ ಪರಿಚಿತವಾದ ರೂಪಗಳನ್ನೇ ಹುಡುಕಿದ್ದಾರೆ. ಅವನ್ನು ಹೊಂದಿಸುವುದಕ್ಕೆ ಅಕ್ಷರಗಳನ್ನು ಅಲ್ಲಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ. ಹಲ್ಮಿಡಿಯ ಕನ್ನಡವೇ ನಮಗೆ ಇಷ್ಟು ತೊಡಕಾಗಿರುವಾಗ ಅದಕ್ಕೆ ಮುನ್ನೂರು ವರ್ಷ ಹಿಂದಿನ ಕನ್ನಡ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವುದೇ ಸಂಶಯಕ್ಕೆ ಆಸ್ಪದ. ಗ್ರೀಕ್ ನಾಟಕವನ್ನೂ ಹಳಗನ್ನಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವರು ವಿರಳ. ಆದಿಚುಂಚನಗಿರಿಯ ನೆರೆಯ ಬೆಳ್ಳೂರಿನ ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸ್ ಈಸ್ಕಿಲಸ್ಸರ ನಾಟಕಗಳನ್ನು ಅಶ್ವತ್ಥಾಮನ್, ಪಾರಸಿಕರು ಎಂದು ಕನ್ನಡಕ್ಕೆ ತಂದ ಬಳಿಕ ಆ ದಾರಿಯಲ್ಲಿ ನಡೆದವರು ಬಹಳ ಮಂದಿಯಿಲ್ಲ. ನಾಣ್ಯದ ಸಾಕ್ಷ್ಯ ಮೂಕವಾದರೂ ನಿಜವಾದ ನಾಣ್ಯದ್ದು. ಪ್ರಹಸನದ ಸಾಕ್ಷ್ಯ ಮಾತನಾಡುವುದಾದರೂ ಆ ಮಾತು ಯಾವುದೆಂಬುದೇ ವಿವಾದ. ಒಂದರ ಗಟ್ಟಿತನವನ್ನು ಇನ್ನೊಂದಕ್ಕೆ ಸಾಲ ಕೊಟ್ಟು, ಚಂದ್ರವಳ್ಳಿಯಲ್ಲಿ ರೋಮಕ ನಾಣ್ಯವಿರುವುದರಿಂದ ಆಕ್ಸಿರಿಂಕಸ್ಸಿನಲ್ಲಿ ಕನ್ನಡವಿರಲೇಬೇಕೆಂದು ವಾದಿಸುವುದು ಈಚೆಗೆ ತರಗತಿಗಳಲ್ಲಿಯೂ ಕೇಳಿಬರುವುದರಿಂದ ಇಷ್ಟನ್ನು ಹೇಳಬೇಕಾಯಿತು. ಆ ಓಲೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ವಿದ್ಯಾರ್ಥಿಗಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುವವರು ಗುಹೆಗಳಿಂದ ಮೊದಲು ಮಾಡುವುದು ರೂಢಿ; ಭೈರವೇಶ್ವರನ ಬಳಿಯ ಬಂಡೆಯಿಂದ ಮೊದಲು ಮಾಡುವುದು ಲೇಸು. ಅಲ್ಲಿಂದ ಕಣಿವೆಯೊಳಗೆ ನಡೆಯುವಾಗ ಮಳೆನೀರು ಕೊರೆದ ಕೊರಕಲುಗಳ ಅಂಚನ್ನು ನೋಡಬೇಕು. ಮಣ್ಣಿನ ಬಣ್ಣ ಒಂದೆಡೆ ಬೂದಿಗಟ್ಟಿ, ಒಂದೆಡೆ ಕೆಂಪಾಗಿ, ಅಡ್ಡಗೆರೆಗಳಂತೆ ಹಾಯ್ದಿದ್ದರೆ ಅವೇ ಪದರಗಳು. ಅವುಗಳಲ್ಲಿ ಕಾವಿಯ ಲೇಪದ ಮೇಲೆ ಬಿಳಿಯ ಗೀರುಗಳನ್ನು ಎಳೆದ ಬೋಕಿ ಕಂಡರೆ ಅದು ಶಾತವಾಹನರ ಕಾಲದ ಮಡಕೆಯದು. ಒಳಗು ಪೂರ್ತಿ ಕಪ್ಪಾಗಿ ಹೊರಮೈ ಬಾಯಂಚಿನ ಕೆಳಗೆ ಕೆಂಪಾಗಿರುವ ಬೋಕಿ ಕಂಡರೆ ಬೃಹತ್ ಶಿಲಾಸಮಾಧಿಗಳ ಜನರ ಕೈಕೆಲಸದ ಪರಂಪರೆಯದು. ಎರಡನ್ನೂ ಇದ್ದಲ್ಲಿಯೇ ಬಿಡಬೇಕು. ಕಿತ್ತು ಜೇಬಿಗೆ ಹಾಕಿಕೊಂಡ ಬೋಕಿಗೆ ಪದರವಿಲ್ಲ. ಕೈಗೆ ಹತ್ತಿರದಿಂದ ನೋಡುವುದಕ್ಕೆ ಈ ಬಗೆಯವು ಊರೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.